ಮೈಸೂರಿನ ಹಳೆಯ ರಸ್ತೆಯ ಹೋಟೆಲುಗಳು

ಸೈಕಲ್ಲು ತುಳಿಯುವವನ ಹಸಿವು ವಿಚಿತ್ರವಾದುದು. ಮನೆಯಲ್ಲಿ ಕುಳಿತವನಿಗೆ ಹಸಿವು ಮುಂದಾಗಿ ಹೇಳಿ ಕಳುಹಿಸಿ ಬರುವ ನೆಂಟನಂತೆ ಮೆಲ್ಲನೆ ಬರುತ್ತದೆ. ಸೈಕಲ್ಲಿನ ಮೇಲಿರುವವನಿಗೆ ಹಾಗಲ್ಲ. ಒಂದು ಮೈಲಿಗಲ್ಲಿನ ಬಳಿ ಚೆನ್ನಾಗಿಯೇ ಇದ್ದವನು ನಾಲ್ಕು ಕಲ್ಲು ದಾಟುವುದರೊಳಗಾಗಿ ಕೈಕಾಲು ನಡುಗಿ, ಕಣ್ಣು ಮಂಜಾಗಿ, ರಸ್ತೆಯ ಬದಿಯಲ್ಲಿ ಕುಸಿದು ಕುಳಿತುಬಿಡುವುದುಂಟು. ಮಾಂಸಖಂಡಗಳಲ್ಲಿಯೂ ಪಿತ್ತಜನಕಾಂಗದಲ್ಲಿಯೂ ದೇಹವು ಕೂಡಿಟ್ಟುಕೊಂಡ ಸಕ್ಕರೆಯ ಸಂಗ್ರಹವು ತೀರಿದಾಗ ಹೀಗಾಗುವುದೆಂದು ವೈದ್ಯರು ಹೇಳುತ್ತಾರೆ. ಎರಡು ಗಂಟೆಗಳ ಕಾಲ ಬಿರುಸಾಗಿ ತುಳಿದರೆ ಆ ಕಣಜವು ಬಹುಮಟ್ಟಿಗೆ ಬರಿದಾಗುತ್ತದಂತೆ. ಆದುದರಿಂದ ಕಾರಿನಲ್ಲಿ ಹೋಗುವವರು ಮನಸ್ಸು ಬಂದ ಕಡೆಯಲ್ಲಿ ನಿಲ್ಲುವರು. ಸೈಕಲ್ಲಿನವನು ನಿಲ್ಲಲೇಬೇಕಾದ ಕಡೆಯಲ್ಲಿ ನಿಲ್ಲುವನು. ದಾರಿಯ ಮೇಲೆ ಒಂದು ಹೋಟೆಲು ಮುಚ್ಚಿದರೆ ಕಾರಿನವರಿಗೆ ಅದು ಗೊತ್ತೇ ಆಗಲಿಕ್ಕಿಲ್ಲ. ನಮಗಾದರೋ ಹಾದಿಯೇ ಒಂದಷ್ಟು ಉದ್ದವಾದಂತೆ.

ಈ ಮಾತು ನಮಗೆ ಚೆನ್ನಾಗಿ ಮನಸ್ಸಿಗೆ ಹತ್ತಿದುದು ಕಳೆದ ಪುಷ್ಯಮಾಸದಲ್ಲಿ, ಬೆಂಗಳೂರಿನಿಂದ ಮೈಸೂರಿಗೆ ಎರಡು ದಿನಗಳ ಪ್ರಯಾಣವನ್ನು ಕೈಗೊಂಡಾಗ. ನಾವು ಮೂವರಿದ್ದೆವು. ಅರುವತ್ತರ ಅಂಚಿಗೆ ಬಂದಿರುವ ನಾವು, ನಮ್ಮ ಮಗಳು, ನಮ್ಮ ಅಣ್ಣನ ಮಗ. ಅಣ್ಣನ ಮಗನು ಕಂಪ್ಯೂಟರ್ ಕೆಲಸದವನು. ವಾರವೆಲ್ಲ ಕುರ್ಚಿಯಲ್ಲಿ ಕುಳಿತ ಪಾಪಕ್ಕೆ ಭಾನುವಾರದಂದು ಸೈಕಲ್ಲು ತುಳಿದು ಪ್ರಾಯಶ್ಚಿತ್ತ ಮಾಡಿಕೊಳ್ಳುವ ಮಿತ್ರಮಂಡಲಿಗೆ ಸೇರಿದವನು. ನಮ್ಮ ಸೈಕಲ್ಲು ಕಪ್ಪು ಬಣ್ಣದ ಹಳೆಯ ಗಟ್ಟಿ ಸೈಕಲ್ಲು. ಅವನದು ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರವಾದುದು. ಬೆಲೆಯನ್ನು ಮಾತ್ರ ಎರಡು ಕೈಯಲ್ಲಿಯೂ ಎತ್ತುವ ಹಾಗಿಲ್ಲ.

ಹೊರಡುವ ಮೊದಲು ರಸ್ತೆಯ ವಿಷಯವನ್ನು ಸ್ವಲ್ಪ ಹೇಳಬೇಕು. ಮೊದಲು ಬೆಂಗಳೂರು–ಮೈಸೂರು ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಂಬ ಊರುಗಳ ನಟ್ಟನಡುವೆ ಹಾದುಹೋಗುತ್ತಿತ್ತು. ದಾರಿಹೋಕರಿಂದ ಊರುಗಳೂ, ಊರುಗಳಿಂದ ದಾರಿಹೋಕರೂ ಬದುಕುತ್ತಿದ್ದರು. 2023ನೆಯ ಇಸವಿಯ ಮಾರ್ಚ್ 12ರಂದು ಹೊಸ ಎಕ್ಸ್‌ಪ್ರೆಸ್ ಹೆದ್ದಾರಿಯು ಉದ್ಘಾಟಿತವಾಯಿತು. ನಡುವೆ ವೇಗದ ವಾಹನಗಳಿಗಾಗಿ ಆರು ಪಥಗಳು, ಎರಡು ಬದಿಗೂ ಸರ್ವೀಸ್ ರಸ್ತೆಗಳು, ಊರುಗಳ ಹೊರಗಿನಿಂದಲೇ ಸುತ್ತಿ ಹೋಗುವ ಬೈಪಾಸುಗಳು. ಮೂರು ಗಂಟೆಗಳ ಪ್ರಯಾಣವು ಒಂದೂವರೆ ಗಂಟೆಯೊಳಗೆ ಬಂದಿತು. ಆದರೆ ಮೊದಲ ತಿಂಗಳುಗಳಲ್ಲಿಯೇ ಅಪಘಾತಗಳು ಹೆಚ್ಚಿದುದರಿಂದ ಅದೇ ವರ್ಷದ ಆಗಸ್ಟ್ 1ರಿಂದ ನಡುವಿನ ಪಥಗಳಲ್ಲಿ ಮೋಟಾರು ಬೈಕು, ಆಟೋರಿಕ್ಷಾ, ಟ್ರ್ಯಾಕ್ಟರು, ಎತ್ತಿನ ಗಾಡಿ, ಸೈಕಲ್ಲು ಇವೆಲ್ಲವನ್ನೂ ನಿಷೇಧಿಸಿದರು. ಈ ನಿಷೇಧವನ್ನು ನಾವು ದೂರುವುದಿಲ್ಲ. ಗಂಟೆಗೆ ನೂರು ಕಿಲೋಮೀಟರು ವೇಗದಲ್ಲಿ ಬರುವ ವಾಹನದ ಪಕ್ಕದಲ್ಲಿ ಸೈಕಲ್ಲು ತುಳಿಯುವುದು ಸಾಹಸವಲ್ಲ, ಅವಿವೇಕ. ಹೀಗೆ ಸೈಕಲ್ಲಿನವನ ಪಾಲಿಗೆ ಉಳಿದುದು ನಡುನಡುವೆ ಸರ್ವೀಸ್ ರಸ್ತೆ, ಊರುಗಳ ಬಳಿಯಲ್ಲಿ ಹಳೆಯ ರಸ್ತೆ. ಹೋಟೆಲುಗಳೂ ಅಲ್ಲಿಯೇ ಉಳಿದವು. ಗಿರಾಕಿಗಳು ಮಾತ್ರ ಮೇಲುಸೇತುವೆಯ ಮೇಲೆ ಹೊರಟುಹೋದರು.

ಶನಿವಾರ ಬೆಳಗಿನ ಜಾವ ಐದು ಗಂಟೆಗೆ ದೀಪ ಹಚ್ಚಿಕೊಂಡು ಬಸವನಗುಡಿಯಿಂದ ಹೊರಟೆವು. ಕೆಂಗೇರಿಯವರೆಗಿನ ದಾರಿಯಲ್ಲಿ ವರ್ಣಿಸತಕ್ಕದ್ದೇನೂ ಇಲ್ಲ; ವೃಷಭಾವತಿಯ ವಾಸನೆಯನ್ನು ವರ್ಣಿಸದಿರುವುದೇ ಲೇಸು. ಅದನ್ನು ದಾಟಿದ ಮೇಲೆ ಚಳಿಯು ಮುಖಕ್ಕೆ ಹೊಡೆಯತೊಡಗಿತು. ಸೂರ್ಯೋದಯದ ಹೊತ್ತಿಗೆ ಬಿಡದಿಯನ್ನು ಸೇರಿದೆವು.

ಬಿಡದಿಯ ತಟ್ಟೆ ಇಡ್ಲಿಯ ಕೀರ್ತಿಯನ್ನು ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗುಳಿಯಿಲ್ಲದ ಅಗಲವಾದ ಚಪ್ಪಟೆ ತಟ್ಟೆಗಳನ್ನು ಒಂದರ ಮೇಲೊಂದು ಅಂತಸ್ತಿನಂತೆ ಜೋಡಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಹಿಟ್ಟಿಗೆ ಸಬ್ಬಕ್ಕಿಯನ್ನೋ ಅವಲಕ್ಕಿಯನ್ನೋ ಸೇರಿಸುವ ಪದ್ಧತಿಯುಂಟು. ಆದುದರಿಂದಲೇ ಅಷ್ಟು ಅಗಲವಿದ್ದರೂ ಅದು ಹತ್ತಿಯಂತಿರುತ್ತದೆ. ಮೇಲೊಂದು ಬೆಣ್ಣೆಯ ಉಂಡೆ, ಪಕ್ಕದಲ್ಲಿ ಕಾಯಿಚಟ್ನಿ. ಸೈಕಲ್ಲಿನವರಿಗೆ ಇದಕ್ಕಿಂತ ಒಳ್ಳೆಯ ಬೆಳಗಿನ ಆಹಾರವನ್ನು ನಾವು ಕಾಣೆವು. ಎಣ್ಣೆಯಿಲ್ಲ, ಹೊಟ್ಟೆಯಲ್ಲಿ ಭಾರವಾಗುವುದಿಲ್ಲ, ಅಕ್ಕಿಯ ಪಿಷ್ಟವು ಬೇಗನೆ ಜೀರ್ಣವಾಗಿ ಕಾಲಿಗೆ ಬರುತ್ತದೆ. ದೋಸೆಯನ್ನು ತಿಂದು ತುಳಿದು ನೋಡಿದವರಿಗೆ ಈ ವ್ಯತ್ಯಾಸವು ತಿಳಿದೇ ಇದೆ; ಮಸಾಲೆದೋಸೆಯು ಮುಂದಿನ ಹತ್ತು ಕಿಲೋಮೀಟರು ನಮ್ಮ ಜತೆಯಲ್ಲಿಯೇ ಮಾತನಾಡುತ್ತ ಬರುತ್ತದೆ.

ಇಲ್ಲಿ ನಾವು ನಿಂತ ಹೋಟೆಲು ಚಿಕ್ಕದು. ಎದುರಿಗೆ ತಗಡಿನ ಚಪ್ಪರ, ಎರಡು ಕಲ್ಲುಬೆಂಚು. ಸೈಕಲ್ಲುಗಳನ್ನು ಬೆಂಚಿನ ಬೆನ್ನಿಗೇ ಒರಗಿಸಿ ಕುಳಿತೆವು. ಇದು ಸಣ್ಣ ಮಾತೆಂದು ಓದುವವರು ತಿಳಿಯಬಾರದು. ಸೈಕಲ್ಲು ಕಣ್ಣಿಗೆ ಕಾಣುವಂತಿದ್ದರೆ ಮಾತ್ರ ಅದರ ಯಜಮಾನನ ಬಾಯಿಗೆ ರುಚಿ ಗೊತ್ತಾಗುತ್ತದೆ; ಕಾಣದಿದ್ದರೆ ಅವನು ಎರಡು ತುತ್ತಿಗೊಮ್ಮೆ ಎದ್ದು ಇಣುಕುತ್ತಾನೆ. ಈ ದೃಷ್ಟಿಯಿಂದ ನೋಡಿದರೆ ನಮ್ಮ ಪಟ್ಟಣಗಳ ದರ್ಶಿನಿಗಳು ಅನುಕೂಲವೇ, ಏಕೆಂದರೆ ಅಲ್ಲಿ ಎಲ್ಲವೂ ಬೀದಿಗೆ ತೆರೆದಿರುತ್ತದೆ. ಆದರೆ ಅಲ್ಲಿ ಕುಳಿತುಕೊಳ್ಳಲು ಸ್ಥಳವಿಲ್ಲ. ಮೂವತ್ತು ಕಿಲೋಮೀಟರು ತುಳಿದು ಬಂದವನಿಗೆ ನಿಂತುಕೊಂಡು ತಿನ್ನಿ ಎಂದು ಹೇಳುವುದು ಉಪಚಾರವೆನಿಸಲಾರದು.

ರಾಮನಗರದಲ್ಲಿ ಕಾಫಿಗೆ ಮಾತ್ರ ನಿಂತೆವು. ಬಂಡೆಗಳ ಮೇಲೆ ಎಳೆಬಿಸಿಲು ಬಿದ್ದಿತ್ತು. ಹೋಟೆಲಿನ ತುಂಬ ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದ ರೈತರು. ಅವರ ಮಾತೆಲ್ಲ ಆ ದಿನದ ಗೂಡಿನ ಧಾರಣೆಯನ್ನು ಕುರಿತದ್ದೇ. ಈ ಊರಿಗೆ ಮಾರುಕಟ್ಟೆಯ ಗಿರಾಕಿ ಇರುವುದರಿಂದ ದಾರಿಯ ಗಿರಾಕಿ ಹೋದ ನೋವು ಅಷ್ಟಾಗಿ ಕಾಣಲಿಲ್ಲ. ಚನ್ನಪಟ್ಟಣದಲ್ಲಿ ಹಾಗಲ್ಲ. ಆಲೆಮರದ ಬೊಂಬೆಗಳಿಗೆ ಅರಗಿನ ಬಣ್ಣ ಕೊಟ್ಟು ಸಾಲಾಗಿ ಜೋಡಿಸಿಟ್ಟ ಅಂಗಡಿಗಳ ಮುಂದೆ ಮೊದಲು ಕಾರುಗಳು ನಿಲ್ಲುವುದಕ್ಕೆ ತೆರಪಿರುತ್ತಿರಲಿಲ್ಲ. ಈ ಸಲ ಅಂಗಡಿಯವರು ಬಾಗಿಲಿನಲ್ಲಿ ಕುಳಿತು ನಮ್ಮನ್ನು ನೋಡಿದರು. ಸೈಕಲ್ಲಿನವರು ಮರದ ಕುದುರೆಯನ್ನು ಕೊಂಡು ಎಲ್ಲಿ ಕಟ್ಟಿಕೊಂಡು ಹೋದಾರು ಎಂದು ಕರೆಯುವುದನ್ನೂ ಬಿಟ್ಟರು. ನಮ್ಮ ಮಗಳು ಮನಸ್ಸು ತಡೆಯಲಾರದೆ ಒಂದು ಬುಗುರಿಯನ್ನು ಕೊಂಡು ಜೇಬಿನಲ್ಲಿಟ್ಟುಕೊಂಡಳು.

ಇನ್ನು ನಮಗೆ ಆದ ಒಂದು ಅವಮಾನವನ್ನೂ ಹೇಳಿಬಿಡಬೇಕು. ಸ್ಥಳದ ಹೆಸರು ಬೇಡ. ಸರ್ವೀಸ್ ರಸ್ತೆಯ ಬದಿಯಲ್ಲಿ ಗಾಜಿನ ಗೋಡೆಗಳ ದೊಡ್ಡದೊಂದು ಹೊಸ ಹೋಟೆಲು ಕಂಡಿತು. ಬಿಸಿಲೇರಿತ್ತು, ಮಗಳಿಗೆ ನೀರೂ ನೆರಳೂ ಬೇಕಾಗಿದ್ದವು. ಗೇಟಿನ ಕಾವಲಿನವನು ಕೈ ಅಡ್ಡ ಹಿಡಿದು, ಸೈಕಲ್ಲುಗಳನ್ನು ಒಳಗೆ ಬಿಡುವಂತಿಲ್ಲವೆಂದನು. ಕಾರುಗಳಿಗಾಗಿ ಬಿಳಿಯ ಗೆರೆ ಎಳೆದ ನೂರು ಮನೆಗಳು ಒಳಗೆ ಬರಿದಾಗಿಯೇ ಬಿದ್ದಿದ್ದವು. "ಹೊರಗೆ ಮರಕ್ಕೆ ಕಟ್ಟಿ ಬನ್ನಿ" ಎಂದನು. ದನವನ್ನು ಕಟ್ಟುವಂತೆ ಕಟ್ಟಬೇಕಂತೆ! ಅವನ ತಪ್ಪೇನೂ ಇಲ್ಲ, ಯಜಮಾನರ ಅಪ್ಪಣೆ. ಅಣ್ಣನ ಮಗನು ವಾದಕ್ಕೆ ನಿಂತನು. "ಬಿಡಪ್ಪ, ಬಿಸಿಲಿನಲ್ಲಿ ಜಗಳವಾಡಿದರೆ ನೀರಡಿಕೆ ಇಮ್ಮಡಿಯಾಗುತ್ತದೆ" ಎಂದು ಹೇಳಿ ಅವನನ್ನು ಎಳೆದುಕೊಂಡು ಹೊರಟೆವು.

ತುಳಿಯುತ್ತ ತುಳಿಯುತ್ತ ನಮಗೆ ಇಂಗ್ಲೆಂಡಿನ ಒಂದು ಹಳೆಯ ಮೊಕದ್ದಮೆ ನೆನಪಾಯಿತು. ಆ ದೇಶದಲ್ಲಿ 1878ರಷ್ಟು ಹಿಂದೆಯೇ ಹ್ಯಾರೋಗೇಟ್ ಎಂಬ ಊರಿನಲ್ಲಿ ಸೈಕಲ್ ಪ್ರವಾಸಿಗರ ಸಂಘವೊಂದು ಹುಟ್ಟಿತು. ಈಗಲೂ ಬೇರೆ ಹೆಸರಿನಿಂದ ನಡೆದುಬರುತ್ತಿದೆ. ದಾರಿಯ ಹೋಟೆಲುಗಳೊಡನೆ ಈ ಸಂಘವು ಒಪ್ಪಂದ ಮಾಡಿಕೊಂಡು, ಸದಸ್ಯರನ್ನು ಆದರಿಸುವ ಹೋಟೆಲಿನ ಗೋಡೆಗೆ ರೆಕ್ಕೆಯುಳ್ಳ ಚಕ್ರದ ಚಿಹ್ನೆಯನ್ನು ಹೊಡೆಯಿಸುತ್ತಿತ್ತು. ಆ ಚಕ್ರವನ್ನು ಕಂಡರೆ ಇಲ್ಲಿ ಅನ್ನ ನೀರಿಗೆ ಮೋಸವಿಲ್ಲವೆಂದು ಅರ್ಥ. 1898ರಲ್ಲಿ ಲೇಡಿ ಹಾರ್ಬರ್ಟನ್ ಎಂಬ ಪ್ರತಿಷ್ಠಿತ ಮಹಿಳೆಯು ಸರ್ರೆ ಪ್ರಾಂತದ ಆಕಮ್ ಎಂಬ ಹಳ್ಳಿಯಲ್ಲಿ ಇಂತಹ ಹೋಟೆಲೊಂದಕ್ಕೆ ಸೈಕಲ್ಲಿನ ಮೇಲೆ ಬಂದಳು. ನೆಲ ಗುಡಿಸುವ ಉದ್ದ ಲಂಗವು ಚಕ್ರಕ್ಕೆ ಸಿಕ್ಕುವುದೆಂದು ಆಕೆ ಸಡಿಲವಾದ ಷರಾಯಿಯನ್ನು ತೊಟ್ಟಿದ್ದಳು. ಹೋಟೆಲಿನ ಯಜಮಾನಿಯು ಆ ಉಡುಪಿನವರಿಗೆ ಊಟದ ಕೋಣೆಯಲ್ಲಿ ಸ್ಥಳವಿಲ್ಲವೆಂದೂ, ಬೇಕಾದರೆ ಗಂಡಸರು ಕುಡಿಯುತ್ತ ಹೊಗೆ ಬಿಡುತ್ತ ಕುಳಿತ ಪಕ್ಕದ ಕೋಣೆಯಲ್ಲಿ ತಿನ್ನಬಹುದೆಂದೂ ಹೇಳಿದಳು. ಸಂಘವು ಈ ವಿಷಯವನ್ನು ನ್ಯಾಯಸ್ಥಾನಕ್ಕೆ ಒಯ್ದಿತು. 1899ರಲ್ಲಿ ತೀರ್ಪಾಯಿತು, ಸಂಘವು ಸೋತಿತು. ಒಂದು ಕೋಣೆ ಇಲ್ಲವೆಂದರೂ ಇನ್ನೊಂದು ಕೋಣೆಯನ್ನು ಕೊಡಲು ಒಪ್ಪಿದ ಮೇಲೆ ಊಟವನ್ನು ನಿರಾಕರಿಸಿದಂತಾಗಲಿಲ್ಲವೆಂಬುದು ಅದರ ತಾತ್ಪರ್ಯ.

ಈ ಕಥೆಯನ್ನು ಮಗಳಿಗೆ ಹೇಳಿದೆವು. ಅವಳು, "ನಮ್ಮಲ್ಲಿಯೂ ಒಂದು ಕಾಲಕ್ಕೆ ಜಾತಿಗೊಂದು ಕೋಣೆ ಇರಲಿಲ್ಲವೇ ಅಪ್ಪಾ? ನೂರು ವರ್ಷದ ಹಿಂದಿನ ಇಂಗ್ಲೆಂಡಿಗೇಕೆ ಹೋಗುತ್ತೀರಿ?" ಎಂದಳು. ನಮಗೆ ಉತ್ತರ ತೋಚಲಿಲ್ಲ. ನಾವು ಹುಡುಗರಾಗಿದ್ದಾಗ ಮನೆಯ ಹಿರಿಯರು ಇಂತಹ ಕೋಣೆಗಳ ಮಾತನ್ನು ಸಹಜವೆಂಬಂತೆ ಆಡುತ್ತಿದ್ದುದನ್ನು ಕೇಳಿದ್ದೆವು.

ಮದ್ದೂರನ್ನು ಸೇರುವಾಗ ಹನ್ನೊಂದೂವರೆ. ಶಿಂಷಾ ನದಿಯ ಈ ಊರಿನಲ್ಲಿ ಎರಡು ವಸ್ತುಗಳು ಪ್ರಸಿದ್ಧ: ಒಂದು ಎಳನೀರು, ಇನ್ನೊಂದು ವಡೆ. ಎಳನೀರಿಗೆ ಇಲ್ಲಿ ದೊಡ್ಡ ಮಾರುಕಟ್ಟೆಯೇ ಇದೆ. ಲಾರಿಗಟ್ಟಲೆ ಕಾಯಿ ಇಲ್ಲಿಂದ ಉತ್ತರದೇಶಕ್ಕೆ ಹೋಗುತ್ತದೆ. ಬೆವರಿನಲ್ಲಿ ಉಪ್ಪು ಕಳೆದುಕೊಂಡವರಿಗೆ ಎಳನೀರು ಒಳ್ಳೆಯದೇ. ಆದರೂ ಅದರಲ್ಲಿ ಸೋಡಿಯಂ ಉಪ್ಪಿನ ಅಂಶವು ಕಡಿಮೆ. ಅದರ ಜತೆಯಲ್ಲಿ ಒಂದು ಲೋಟ ಉಪ್ಪು ಹಾಕಿದ ಮಜ್ಜಿಗೆಯನ್ನೂ ಕುಡಿಯುವುದು ಒಳಿತು. ಬರಿಯ ನೀರನ್ನೇ ಲೀಟರುಗಟ್ಟಲೆ ಕುಡಿಯುವುದು ಮಾತ್ರ ತಪ್ಪು.

ವಡೆಯ ಕಥೆಯು ರೈಲಿಗೆ ಸೇರಿದ್ದು. ಮದ್ದೂರು ಸ್ಟೇಷನ್ನಿನಲ್ಲಿ ರಾಮಚಂದ್ರ ಬುಧ್ಯ ಎಂಬವರು ಇಡ್ಲಿ, ಪಕೋಡಗಳನ್ನು ಮಾರುತ್ತಿದ್ದರಂತೆ. 1917ರಲ್ಲಿ ಒಂದು ದಿನ ರೈಲು ವಾಡಿಕೆಗಿಂತ ಮುಂಚೆ ಬಂದುಬಿಟ್ಟಿತು. ಉಂಡೆ ಕಟ್ಟಿ ಕರಿಯುವುದಕ್ಕೆ ಹೊತ್ತಿಲ್ಲದೆ ಹಿಟ್ಟನ್ನು ಅಂಗೈಯಲ್ಲಿ ಚಪ್ಪಟೆಯಾಗಿ ತಟ್ಟಿ ಎಣ್ಣೆಗೆ ಹಾಕಿದರು. ತಿಂದವರು ಮತ್ತೆ ಬೇಕೆಂದರು. ಕಥೆ ಹೀಗಿದೆ. ರವೆ, ಮೈದಾ, ಅಕ್ಕಿಹಿಟ್ಟು, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಇಷ್ಟೇ ಅದರ ಸಾಮಗ್ರಿ. ಚೆನ್ನಾಗಿ ಕರಿದ ವಡೆ ಮರುದಿನಕ್ಕೂ ಗರಿಗರಿಯಾಗಿರುತ್ತದೆ. ಆದುದರಿಂದ ಸೈಕಲ್ಲಿನ ಚೀಲಕ್ಕೆ ಅದು ತಕ್ಕುದು. ಸೈಕಲ್ಲಿನವನ ಹೊಟ್ಟೆಗೆ, ನಡುಹಗಲಿನಲ್ಲಿ, ತಕ್ಕುದಲ್ಲ. ಇದು ನಮ್ಮ ಅಭಿಪ್ರಾಯ. ಅಣ್ಣನ ಮಗನು ಇದನ್ನು ಒಪ್ಪದೆ ನಾಲ್ಕು ವಡೆಗಳನ್ನು ತಿಂದನು. ಹೋಟೆಲಿನ ಮಾಣಿಯು ಬೇಸರದಿಂದ ಹೇಳಿದ ಮಾತು: "ಮೊದಲು ಬಸ್ಸುಗಳು ಇಲ್ಲೇ ಬರುತ್ತಿದ್ದವು. ಈಗ ತಲೆಯ ಮೇಲೆ ಹೋಗುತ್ತವೆ. ವಡೆ ಬೇಕಾದವರು ಕೆಳಗೆ ಇಳಿಯಬೇಕಲ್ಲ." ಅಷ್ಟು ಹೆಸರಾಂತ ತಿಂಡಿಯನ್ನುಳ್ಳ ಊರಿಗೇ ಈ ಗತಿಯಾದರೆ ಹೆಸರಿಲ್ಲದ ಹೋಟೆಲುಗಳ ಗತಿಯೇನು?

ಅದನ್ನು ಕಾಣುವುದಕ್ಕೆ ಹೆಚ್ಚು ದೂರ ಹೋಗಬೇಕಾಗಲಿಲ್ಲ. ಮದ್ದೂರಿಗೂ ಮಂಡ್ಯಕ್ಕೂ ನಡುವೆ, ಕಬ್ಬಿನ ಗದ್ದೆಗಳ ಮಧ್ಯದಲ್ಲಿ, ಅಣ್ಣನ ಮಗನ ಹಿಂದಿನ ಚಕ್ರವು ಉಸ್ಸೆಂದು ಕುಳಿತುಬಿಟ್ಟಿತು. ಸ್ವಲ್ಪ ದೂರದಲ್ಲಿ ಪಂಕ್ಚರ್ ಅಂಗಡಿಯೊಂದಿತ್ತು. ಅಂಗಡಿಯವನು ಬಂದು ನೋಡಿ ನಕ್ಕನು. ಈ ವಿಲಾಯಿತಿ ಚಕ್ರಗಳ ವಾಲ್ವು ಸೂಜಿಯಂತೆ ಸಣ್ಣದು. ಹಳ್ಳಿಯ ಪಂಪಿನ ಬಾಯಿ ದೊಡ್ಡದು. ನಡುವೆ ತಿರುಗಿಸಿ ಹಾಕುವ ಹಿತ್ತಾಳೆಯ ಚಿಕ್ಕ ಟೋಪಿಯೊಂದು ಬೇಕು. ಕಡಲೆಕಾಯಿಯಷ್ಟು ಗಾತ್ರದ ಆ ವಸ್ತುವು ಬೆಂಗಳೂರಿನಲ್ಲಿ ಅವನ ಮೇಜಿನ ಖಾನೆಯಲ್ಲಿ ಭದ್ರವಾಗಿತ್ತು! ಕೈಪಂಪು ಮಾತ್ರ ಚೀಲದಲ್ಲಿದ್ದುದು ಪುಣ್ಯ. ಆದರೆ ತೂತು ಎಲ್ಲಿದೆಯೆಂದು ಹುಡುಕುವುದಕ್ಕೆ ನೀರು ಬೇಕು, ನೆರಳು ಬೇಕು.

ಎದುರಿಗೆ ಹೆಂಚಿನ ಮಾಡಿನ ಹೋಟೆಲೊಂದು ಕಂಡಿತು. ಬಾಗಿಲಿನಲ್ಲಿ ನಿಂತಿದ್ದ ಯಜಮಾನರು ನಾವು ಕೇಳುವ ಮೊದಲೇ ಕೂಗಿದರು: "ಒಳೀಕೆ ತಗೊಂಡ್ ಬನ್ನಿ ಸಾಮಿ ಸೈಕಲ್ನ. ಬಿಸ್ಲಲ್ಲಿ ಯಾಕ್ ನಿಲ್ಲುಸ್ತೀರಾ?"

ಒಳಗೆ ಎಂದರೆ ಒಳಗೇ. ಎರಡು ಮೇಜುಗಳನ್ನು ಸರಿಸಿ ಮೂರು ಸೈಕಲ್ಲುಗಳಿಗೂ ಗೋಡೆಯ ಬದಿಯಲ್ಲಿ ಸ್ಥಳ ಮಾಡಿಕೊಟ್ಟರು. ಬಚ್ಚಲಿನಿಂದ ಒಂದು ಬಕೀಟು ನೀರು ಬಂದಿತು. ಅಣ್ಣನ ಮಗನು ರಬ್ಬರಿನ ಕೊಳವೆಯನ್ನು ನೀರಿನಲ್ಲಿ ಅದ್ದಿ ತಿರುಗಿಸಿದನು, ಯಜಮಾನರು ಅವನ ಪಕ್ಕದಲ್ಲಿಯೇ ಕುಕ್ಕುರುಗಾಲಿನಲ್ಲಿ ಕುಳಿತು, "ಅಗೋ ಅಲ್ಲಿ ಗುಳ್ಳೆ!" ಎಂದು ಅವನಿಗಿಂತ ಮುಂಚೆ ತೂತನ್ನು ಕಂಡುಹಿಡಿದರು. ಅವರ ಮನೆಯಾಕೆ ಅಡಿಗೆಮನೆಯಿಂದ ಹೊರಗೆ ಬಂದು, ಮಗಳ ಕೆಂಪಾದ ಮುಖವನ್ನು ನೋಡಿ, "ಬಾರವ್ವ, ಹಿತ್ತಲಲ್ಲಿ ಕೈಕಾಲು ತೊಳ್ಕೊ" ಎಂದು ಕರೆದುಕೊಂಡು ಹೋದರು.

ಈ ಕೊನೆಯ ಉಪಕಾರದ ಬೆಲೆಯನ್ನು ನಮ್ಮ ಸೋದರಿಯರು ಮಾತ್ರ ಸರಿಯಾಗಿ ತಿಳಿಯಬಲ್ಲರು. ದಾರಿಯಲ್ಲಿ ಚಿಲಕವಿರುವ, ನೀರಿರುವ ಶೌಚದ ಕೋಣೆ ಸಿಗದೆಂಬ ಭಯದಿಂದ ಎಷ್ಟೋ ಹೆಣ್ಣುಮಕ್ಕಳು ಬಾಯಾರಿದರೂ ನೀರು ಕುಡಿಯುವುದಿಲ್ಲ. ನಮ್ಮ ಮಗಳು ಬೆಳಗಿನಿಂದ ಹಾಗೆಯೇ ಮಾಡಿದ್ದಳೆಂಬುದು ನಮಗೆ ತಿಳಿದುದು ಆಗಲೇ. ಮೂವರ ಸೀಸೆಗಳಲ್ಲಿ ಅವಳದು ಮಾತ್ರ ಮುಕ್ಕಾಲು ತುಂಬಿತ್ತು. ತಲೆನೋವೆಂದು ಅವಳು ಎರಡು ಬಾರಿ ಹೇಳಿದುದನ್ನು ನಾವು ಬಿಸಿಲಿನ ಪ್ರಭಾವವೆಂದು ತಳ್ಳಿಹಾಕಿದ್ದೆವು. ಹಿತ್ತಲಿನಿಂದ ಬಂದ ಮೇಲೆ ಅವಳು ಒಂದೇ ಉಸಿರಿಗೆ ಮೂರು ಲೋಟ ನೀರನ್ನೂ ಎರಡು ಲೋಟ ಮಜ್ಜಿಗೆಯನ್ನೂ ಕುಡಿದು ಬೆಂಚಿನ ಮೇಲೆ ಮಲಗಿದಳು. ತಂದೆಯಾಗಿ ನಮಗೆ ನಾಚಿಕೆಯಾಯಿತು. ಗಾಜಿನ ಗೋಡೆಯ ಹೋಟೆಲಿನ ಮುಂದೆ ಅವಳು ಏಕೆ ಅಷ್ಟು ಹೊತ್ತು ಸುಮ್ಮನೆ ನಿಂತಿದ್ದಳೆಂಬುದೂ ಆಗ ಅರ್ಥವಾಯಿತು.

ಊಟಕ್ಕೆ ಮುದ್ದೆ, ಅನ್ನ, ಹಿತಕಿದ ಅವರೆಬೇಳೆಯ ಸಾರು. ಅವರೆಕಾಯಿಯ ಕಾಲ, ಸೊಗಡು ಹೊರಗಿನವರೆಗೂ ಬರುತ್ತಿತ್ತು. ಮಧ್ಯಾಹ್ನ ಒಂದು ಗಂಟೆಯಾದರೂ ನಮ್ಮನ್ನು ಬಿಟ್ಟರೆ ಇದ್ದವರು ಇಬ್ಬರು ಕಬ್ಬು ಕಡಿಯುವ ಆಳುಗಳು ಮಾತ್ರ. ಬಡಿಸುತ್ತ ಯಜಮಾನರು ತಮ್ಮ ಸಂಗತಿಯನ್ನು ಹೇಳಿದರು. ತಂದೆಯ ಕಾಲದ ಹೋಟೆಲು. ಹಿಂದೆ ದಿನಕ್ಕೆ ಹತ್ತು ಲೀಟರು ಹಾಲು ಕಾಯಿಸುತ್ತಿದ್ದರು. ಈಗ ನಾಲ್ಕು ಲೀಟರು ಮುಗಿದರೆ ಹೆಚ್ಚು. ಕೆಲಸಕ್ಕಿದ್ದ ಇಬ್ಬರು ಹುಡುಗರನ್ನು ಬಿಡಿಸಿದ್ದಾರೆ. ಮಗನು ಬಿಡದಿಯ ಕಡೆಗೆ ಕಾರ್ಖಾನೆಯ ಕೆಲಸಕ್ಕೆ ಹೋಗಿದ್ದಾನೆ. ಮುಚ್ಚಿ ಬಾ ಎಂದು ಪ್ರತಿವಾರವೂ ಫೋನು ಮಾಡುತ್ತಾನೆ.

"ಯುಗಾದಿ ಗಂಟ ನೋಡ್ತೀನಿ ಸಾಮಿ" ಎಂದರು. "ರಸ್ತೆ ಮಾಡಿದ್ದು ತಪ್ಪು ಅಂತ ನಾನೇನೂ ಅನ್ನಾಕಿಲ್ಲ. ನಮ್ಮ ಅಕ್ಕನ ಮಗನ್ನ ಮೈಸೂರು ಆಸ್ಪತ್ರೆಗೆ ಅದೇ ರಸ್ತೇಲಿ ಬೇಗ ತಗೊಂಡೋದ್ರು, ಬದುಕ್ದ. ಆದ್ರೆ ಈ ಹಿಟ್ಟು ರುಬ್ಬೋದು ಯಾರಿಗೆ ಅಂತ ಬೆಳಿಗ್ಗೆ ಎದ್ದಾಗ ಅನ್ನುಸ್ತದೆ."

ಅಣ್ಣನ ಮಗನು ಅನ್ನದ ಮೇಲಿಂದ ತಲೆಯೆತ್ತಿ, "ಸೈಕಲ್ಲಿನವರು ಬರುವುದಿಲ್ಲವೇ?" ಎಂದು ಕೇಳಿದನು.

"ಬತ್ತಾರೆ. ಭಾನುವಾರ ಸುಯ್ಯಂತ ಹೊಂಟೋಯ್ತಾರೆ. ತಲೆ ಎತ್ತಿ ನೋಡಾಕಿಲ್ಲ. ಇಲ್ಲಿ ನಿಲ್ಲಬೋದು ಅಂತ ಅವರಿಗೆ ಗೊತ್ತಿಲ್ವಲ್ಲ."

ನಮಗೆ ಆ ಇಂಗ್ಲಿಷರ ರೆಕ್ಕೆಯ ಚಕ್ರವು ಮತ್ತೆ ನೆನಪಾಯಿತು. ಅದರಲ್ಲಿ ಕಬ್ಬಿಣದ ತಗಡಿಗಿಂತ ಹೆಚ್ಚಿನ ವೆಚ್ಚವೇನಿತ್ತು? ಸೈಕಲ್ಲಿನವರನ್ನು ಆದರಿಸುವ ಹೋಟೆಲೆಂದರೆ ಹೊಸ ಬಗೆಯ ತಿಂಡಿಯೂ ಬೇಡ, ಗೋಡೆಯ ಮೇಲೆ ಓಟಗಾರರ ಚಿತ್ರಪಟಗಳೂ ಬೇಡ. ಬೆಂಗಳೂರಿನಲ್ಲಿ ಇತ್ತೀಚೆಗೆ ಅಂತಹ ಕೆಲವು ಕಾಫಿಮನೆಗಳು ಎದ್ದಿವೆ. ಚೆನ್ನಾಗಿವೆ, ಆದರೆ ಒಂದು ಕಾಫಿಯ ಬೆಲೆಗೆ ಈ ದಾರಿಯಲ್ಲಿ ಮೂವರೂ ಊಟ ಮಾಡಬಹುದು. ಕಣ್ಣಿಗೆ ಕಾಣುವಂತೆ ಸೈಕಲ್ಲಿಗೆ ನೆರಳು, ಸೀಸೆಗೆ ಕುಡಿಯುವ ನೀರು, ಚಿಲಕವಿರುವ ಬಾಗಿಲು, ಒಂದು ಬಕೀಟು, ಅರ್ಧ ಗಂಟೆ ಕುಳಿತರೆ ಮುಖ ಸಿಂಡರಿಸದ ಯಜಮಾನ, ಇಷ್ಟಿದ್ದರೆ ಸಾಕು. ಈ ದಾರಿಯ ಎಷ್ಟೋ ಹೋಟೆಲುಗಳಲ್ಲಿ ಇದೆಲ್ಲವೂ ಇದೆ. ಬಾಗಿಲಿನ ಮೇಲೆ ಬರೆದಿಲ್ಲ, ಅಷ್ಟೆ.

ನಮ್ಮ ಪಂಗಡದವರ ತಪ್ಪುಗಳನ್ನೂ ಮುಚ್ಚಿಡಬಾರದು. ಬೆವರಿನಲ್ಲಿ ತೊಯ್ದು ಬಂದು ಇತರರು ಕೂರುವ ಬೆಂಚಿನ ತುಂಬ ಚಾಚಿಕೊಳ್ಳುವುದು, ಸುಣ್ಣದ ಗೋಡೆಗೆ ಚಕ್ರದ ಕೆಸರು ಬಳಿಯುವುದು, ನಾಲ್ವರು ಸೇರಿ ಎರಡು ಬೈಟು ಕಾಫಿ ಕುಡಿದು ಒಂದು ಗಂಟೆ ಹರಟುವುದು, ಇಪ್ಪತ್ತು ಜನ ಹೇಳದೆ ಕೇಳದೆ ಏಳು ಗಂಟೆಗೆ ನುಗ್ಗಿ ಇಡ್ಲಿ ತಡವಾಯಿತೆಂದು ಗದರಿಸುವುದು, ಇವೆಲ್ಲವನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ಕೆಲವನ್ನು ಮಾಡಿಯೂ ಇದ್ದೇವೆ.

ಮೂರು ಗಂಟೆಯವರೆಗೆ ಅಲ್ಲಿಯೇ ವಿಶ್ರಮಿಸಿಕೊಂಡೆವು. ಮಗಳು ಎದ್ದು, ಚನ್ನಪಟ್ಟಣದ ಬುಗುರಿಯನ್ನು ಹೋಟೆಲಿನ ನೆಲದ ಮೇಲೆ ಆಡಿಸಿದಳು. ತಲೆನೋವು ಹೋಗಿತ್ತು. ಹೊರಡುವಾಗ ಬಕೀಟಿನ ನೀರಿಗೂ ಬೆಂಚಿಗೂ ಏನಾದರೂ ಕೊಡೋಣವೆಂದರೆ ಯಜಮಾನರು ಊಟದ ಹಣವನ್ನು ಮಾತ್ರ ಎಣಿಸಿಕೊಂಡು ಉಳಿದುದನ್ನು ಮರಳಿಸಿದರು. ಅಣ್ಣನ ಮಗನು ಅವರ ಫೋನು ಸಂಖ್ಯೆಯನ್ನು ಬರೆದುಕೊಂಡನು.

ಆ ರಾತ್ರಿ ಮಂಡ್ಯದಲ್ಲಿ ತಂಗಿ, ಭಾನುವಾರ ಬೆಳಿಗ್ಗೆ ಬೇಗನೆ ಹೊರಟೆವು. ದಾರಿಯುದ್ದಕ್ಕೂ ಆಲೆಮನೆಗಳಿಂದ ಬೆಲ್ಲದ ಪಾಕದ ವಾಸನೆ. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಉತ್ತರದ ಕವಲಿನ ಬಳಿ, ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ಕಲ್ಲುಕಂಬಗಳ ಸೇತುವೆಯನ್ನು ನೋಡುತ್ತ, ಚೀಲದಲ್ಲಿದ್ದ ಮದ್ದೂರು ವಡೆಗಳನ್ನು ತಿಂದೆವು. ಗರಿಗರಿಯಾಗಿಯೇ ಇದ್ದವು. ಅಲ್ಲಿಂದ ಮೈಸೂರಿಗೆ ಒಂದು ಗಂಟೆಯ ದಾರಿ. ಅದು ಏರುದಾರಿಯೆಂಬುದನ್ನು ಕಾರಿನಲ್ಲಿ ಹೋದ ಎಷ್ಟು ಸಲವೂ ನಾವು ಗಮನಿಸಿರಲಿಲ್ಲ.

ಮರಳಿ ಬರುವಾಗ ಸೈಕಲ್ಲುಗಳನ್ನು ಸಾಮಾನಿನ ಲೆಕ್ಕದಲ್ಲಿ ಬುಕ್ ಮಾಡಿ ರೈಲಿನ ಲಗೇಜು ಡಬ್ಬಿಗೆ ಏರಿಸಿದೆವು. ಗಾಡಿಯು ಮಂಡ್ಯವನ್ನು ಬಿಟ್ಟ ಮೇಲೆ ಮಗಳು ಕಿಟಕಿಯಿಂದ ಆ ಹೆಂಚಿನ ಮಾಡು ಕಾಣುವುದೇನೋ ಎಂದು ನೋಡುತ್ತಿದ್ದಳು. ಕಬ್ಬು ಅಡ್ಡವಾಗಿತ್ತು. ಅಣ್ಣನ ಮಗನು ಅಷ್ಟರಲ್ಲಿ ತನ್ನ ಭಾನುವಾರದ ಮಂಡಲಿಗೆಲ್ಲ ಬರೆದು ತಿಳಿಸಿ, ಮುಂದಿನ ವಾರಕ್ಕೆ ಎಂಟು ಜನರನ್ನು ಒಪ್ಪಿಸಿ, ಹೋಟೆಲಿನ ಯಜಮಾನರಿಗೆ ಫೋನು ಹಚ್ಚಿದನು. ಗಾಡಿಯ ಸದ್ದಿನಲ್ಲಿ ಅವರ ಧ್ವನಿಯು ನಮಗೂ ಕೇಳುತ್ತಿತ್ತು. ಎಂಟು ಜನಕ್ಕೆ ಎಷ್ಟು ಅಕ್ಕಿ ನೆನೆಹಾಕಲಿ ಎಂದು ಅವರು ಕೇಳಿದರು.

"ಹದಿನಾರು ಜನಕ್ಕೆ ಆಗುವಷ್ಟು ಹಾಕಿ" ಎಂದು ನಾವು ಪಕ್ಕದಿಂದ ಕೂಗಿ ಹೇಳಿದೆವು.